ಮೂವತ್ನಾಲ್ಕನೆಯ ಗದ್ದೆಯ ನೀರು

2023ರಲ್ಲಿ ನಾನು ಹೊಳೆನರಸೀಪುರದ ಒಂದು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ವಿಭಾಗದ ಉಪನ್ಯಾಸಕನಾಗಿದ್ದೆ. ನಿವೃತ್ತಿಗೆ ಇನ್ನೆರಡು ವರ್ಷ ಇತ್ತು. ಅರಕಲಗೂಡು ಕಡೆಯ ಒಂದು ಕೆರೆಯ ರೈತರು ನನ್ನನ್ನು ಹುಡುಕಿಕೊಂಡು ಬಂದರು. ಹದಿನಾರು ವರ್ಷಗಳ ಹಿಂದೆ ಅವರಿಗೆ ನಾನೇ ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಯಾರ ಗದ್ದೆಗೆ ಎಷ್ಟು ನಿಮಿಷ ನೀರು ಎಂದು ಅದು ಊರಿನ ಒಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿತ್ತು. ಆ ಪಟ್ಟಿ ಹಿಡಿದು ನೀರುಗಂಟಿ ಬೋರಣ್ಣನವರು ಕಾಲುವೆಯ ನೀರನ್ನು ಒಂದೊಂದೇ ಗದ್ದೆಗೆ ತಿರುಗಿಸುತ್ತಿದ್ದರು. ಈಗ ಅವರ ಮಂಡಿ ಸೋತಿತ್ತು, ಆ ಕೆಲಸಕ್ಕೆ ಇನ್ಯಾರೂ ಸಿಕ್ಕಿರಲಿಲ್ಲ. ಪಟ್ಟಿ ಫೋನಿನಲ್ಲೇ ಬಂದರೆ ನಾವೇ ನೀರು ತಿರುಗಿಸಿಕೊಳ್ಳುತ್ತೇವೆ ಎಂಬುದು ರೈತರ ಬೇಡಿಕೆ.

ಸಿ ಭಾಷೆಯ ಪ್ರೋಗ್ರಾಂ ವೆಬ್ ಬ್ರೌಸರಿಗೆ ನೇರವಾಗಿ ಅರ್ಥವಾಗುವುದಿಲ್ಲ. ಅದನ್ನು ಮೊದಲು ವೆಬ್ ಅಸೆಂಬ್ಲಿ ಎಂಬ ರೂಪಕ್ಕೆ ಪರಿವರ್ತಿಸಬೇಕು. ಈ ಕೆಲಸ ಮಾಡಿಕೊಡುವ, ಕಂಪೈಲರ್ ಎನ್ನುವ ಓಪನ್ ಸೋರ್ಸ್ ಪ್ರಾಜೆಕ್ಟುಗಳಿವೆ, ಎಂದರೆ ಯಾರು ಬೇಕಾದರೂ ಒಳಗೆಲ್ಲ ತೆರೆದು ನೋಡಿ ಬಳಸಬಹುದಾದಂಥವು. ಅವುಗಳಲ್ಲಿ ಎರಡನ್ನು ಹೋಲಿಸಿ ನೋಡಲು ಕೂತೆ. ಮೊದಲನೆಯದು ಹಳೆಯದು, ಬೇಕಾದ್ದು ಬೇಡದ್ದು ಎಲ್ಲ ಗಂಟು ಕಟ್ಟಿಕೊಂಡು ಹೊರಡುವ ಸ್ವಭಾವದ್ದು. ಅಗ್ಗದ ಫೋನಿನಲ್ಲಿ ಪುಟ ತೆರೆಯಲು ಹನ್ನೊಂದು ಸೆಕೆಂಡು. ಎರಡನೆಯದು ಚಿಕ್ಕದು, ಎರಡೇ ಸೆಕೆಂಡು. ನನಗೆ ಎರಡನೆಯದರ ಮೇಲೇ ಮನಸ್ಸಿತ್ತು.

ಆದರೆ ಮೂವತ್ನಾಲ್ಕು ಗದ್ದೆಗಳ ಪೈಕಿ ಕೊನೆಯದಕ್ಕೆ ಹಳೆಯ ಕಂಪ್ಯೂಟರೂ ಮೊದಲ ಪ್ರಾಜೆಕ್ಟೂ ನಲವತ್ತೊಂದು ನಿಮಿಷ ಅಂದರೆ, ಎರಡನೆಯದು ಇನ್ನೂರ ನಲವತ್ತೇಳು ಅಂದಿತು. ಉಳಿದ ಮೂವತ್ತಮೂರರಲ್ಲಿ ಒಂದು ನಿಮಿಷವೂ ವ್ಯತ್ಯಾಸವಿಲ್ಲ. ನನಗೆ ಸಿಟ್ಟು ಬಂತು. ನಿಮ್ಮ ಕಂಪೈಲರಿನಲ್ಲಿ ದೋಷವಿದೆ ಎಂದು ಅದನ್ನು ಕಟ್ಟಿದವರಿಗೆ ಉದ್ದನೆಯ ದೂರು ಬರೆದಿಟ್ಟು, ಮೊದಲನೆಯದನ್ನೇ ಆರಿಸಿಕೊಂಡೆ.

ಒಂದು ಶನಿವಾರ ಫೋನ್ ಹಿಡಿದು ಗದ್ದೆ ಬಯಲಿಗೆ ಹೋದೆ. ಕೊನೆಯ ಗದ್ದೆ ಪುಟ್ಟತಾಯಮ್ಮನವರದು. ಅಣ್ಣತಮ್ಮಂದಿರ ಜೊತೆ ಪಾಲಾದಾಗ ಅವರ ಪಾಲಿಗೆ ಬಂದ ಹದಿನೆಂಟು ಗುಂಟೆ, ಅವರಿಗಿದ್ದ ಭೂಮಿ ಅಷ್ಟೇ. ಫೋನಿನ ಏರ್ಪಾಡಿಗೆ ಇಡೀ ಊರಿನಲ್ಲಿ ಅವರೊಬ್ಬರೇ ವಿರೋಧ.

"ಮೇಷ್ಟ್ರೆ, ಫೋನ್ ಬಂದ್ರೆ ನನ್ ಗದ್ದೆ ತುದಿಗೆ ನೀರ್ ಮುಟ್ಟಾಕಿಲ್ಲ. ಬೋರಣ್ಣ ಇರೋದ್ರಿಂದ ಭತ್ತ ಕಾಣ್ತಿವ್ನಿ," ಎಂದರು.

"ಲೆಕ್ಕ ಎಲ್ಲರಿಗೂ ಒಂದೇ ಅಮ್ಮ, ಕಂಪ್ಯೂಟರಿಗೆ ಭೇದ ಇಲ್ಲ," ಎಂದೆ. ಸ್ವಲ್ಪ ಜೋರಾಗಿಯೇ ಅಂದೆ ಅನಿಸುತ್ತದೆ.

ಅವತ್ತು ಅವರದೇ ಸರದಿ, ಮಂಡಿ ನೋವಿನಲ್ಲೂ ನೀರು ಬಿಡಲು ಬೋರಣ್ಣನವರೇ ಬಂದಿದ್ದರು. ನಲವತ್ತೊಂದು ನಿಮಿಷಕ್ಕೆ ಫೋನ್ ಕೂಗಿತು. ಬೋರಣ್ಣ ಅಲ್ಲಾಡಲಿಲ್ಲ. ಟೈಮ್ ಆಯ್ತಲ್ಲ, ನಿಲ್ಲಿಸಿ ಎಂದೆ.

"ತುದಿ ಬದ ಇನ್ನೂ ನೆನೆದಿಲ್ಲ ಸಾ. ಈ ಕಡೇ ಕಾಲ್ವೆ ಮಣ್ಣು ಮೊದ್ಲು ತಾನ್ ಕುಡ್ಕಂಡು ಆಮ್ಯಾಕೆ ಗದ್ದೆಗೆ ಬಿಡ್ತದೆ. ಯಾವಾಗ್ಲೂ ಇಂಗೇಯ," ಎಂದರು.

ಅವರು ನೀರು ನಿಲ್ಲಿಸಿದಾಗ ನನ್ನ ಗಡಿಯಾರದಲ್ಲಿ ಅರವತ್ತೊಂದು ನಿಮಿಷ. ಮಣ್ಣು ಕುಡಿಯುವ ನೀರಿಗೂ ನನ್ನ ಲೆಕ್ಕದಲ್ಲಿ ನಿಮಿಷ ಹಾಕಿದ್ದೆನಲ್ಲ, ಮತ್ತೆ ಹೇಗೆ ಸಾಲದಾಯಿತು? ಮನೆಗೆ ಬಂದವನೇ ಹಳೆಯ ಪ್ರೋಗ್ರಾಂ ತೆರೆದೆ.

ಮೊದಲು ಬರೆದಾಗ ಗದ್ದೆಗಳು ಮೂವತ್ತಮೂರೇ ಇದ್ದವು. ಮರುವರ್ಷ ಪುಟ್ಟತಾಯಮ್ಮನವರ ಪಾಲು ಸೇರಿದಾಗ ನಾನು ವಿಸ್ತೀರ್ಣದ ಪಟ್ಟಿಗೆ ಒಂದು ಸಾಲು ಸೇರಿಸಿದ್ದೆ. ಮಣ್ಣು ಕುಡಿಯುವ ನಿಮಿಷಗಳ ಪಟ್ಟಿಗೆ ಸೇರಿಸುವುದನ್ನು ಮರೆತಿದ್ದೆ. ಇಂಥ ಕಡೆ ಸಿ ಭಾಷೆ ತಪ್ಪು ಎಂದು ಹೇಳುವುದಿಲ್ಲ. ಪಟ್ಟಿ ಮುಗಿದ ಮೇಲೆ ಮೆಮೊರಿಯಲ್ಲಿ ಪಕ್ಕದಲ್ಲೇನಿದೆಯೋ ಅದನ್ನೇ ಓದಿಕೊಳ್ಳುತ್ತದೆ. ಹಳೆಯ ಕಂಪ್ಯೂಟರಿನಲ್ಲೂ ಮೊದಲ ಪ್ರಾಜೆಕ್ಟಿನಲ್ಲೂ ಆ ಜಾಗದಲ್ಲಿ ಸೊನ್ನೆ ಇತ್ತು, ಎಂದರೆ ಮಣ್ಣಿನ ಪಾಲಿಗೆ ಒಂದು ನಿಮಿಷವೂ ಇಲ್ಲ. ಎರಡನೆಯದರಲ್ಲಿ ಬೇರೆ ಯಾವುದೋ ಸಂಖ್ಯೆ ಕೂತಿತ್ತು, ಹಾಗಾಗಿ ತಪ್ಪು ಬಯಲಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಕಂಪೈಲರ್ ಡೊಂಕು ಅಂದಿದ್ದೆ. ನನ್ನ ಮೇಲೆ ನನಗೇ ನಾಚಿಕೆಯಾಯಿತು.

ಇನ್ನೂ ಕಳಿಸಿರದ ದೂರನ್ನು ಅಳಿಸಿದೆ. ಬಿಟ್ಟುಹೋಗಿದ್ದ ಸಾಲು ಸೇರಿಸಿ ಎರಡೂ ಪ್ರಾಜೆಕ್ಟುಗಳಲ್ಲಿ ಮತ್ತೆ ಕಂಪೈಲ್ ಮಾಡಿದೆ. ಎರಡೂ ಅರವತ್ತು ನಿಮಿಷ ಅಂದವು. ಪಟ್ಟಿ ಏನೇ ಹೇಳಲಿ, ಈ ಗದ್ದೆಗೆ ಬೋರಣ್ಣ ಹದಿನೈದು ವರ್ಷದಿಂದ ಕೊಡುತ್ತಿದ್ದದ್ದು ಹೆಚ್ಚುಕಡಿಮೆ ಅಷ್ಟೇ.

ಎರಡು ಸೆಕೆಂಡಿನ ಚಿಕ್ಕ ಪ್ರಾಜೆಕ್ಟನ್ನೇ ಆರಿಸಿ ಮುಂದಿನ ಸರದಿಗೆ ಹೋದೆ. ತಪ್ಪು ನನ್ನದು ಅಮ್ಮ ಎಂದು ಪುಟ್ಟತಾಯಮ್ಮನವರಿಗೆ ಎಲ್ಲರೆದುರಿಗೇ ಹೇಳಿದೆ. ಅವರು ಫೋನಿನಲ್ಲಿ ಅರವತ್ತು ಎಂಬುದನ್ನು ಎರಡು ಸಲ ಓದಿಸಿಕೊಂಡು, "ಸರಿ ಬುಡಿ, ಇನ್ ಯಾರ್ ನೀರ್ ಬಿಟ್ರೂ ಭಯ ಇಲ್ಲ," ಎಂದು ತಾವೇ ಸನಿಕೆ ಎತ್ತಿಕೊಂಡು ಕಾಲುವೆಗೆ ಇಳಿದರು. ಅವತ್ತು ನನಗಾದ ಸಮಾಧಾನ ಮೂವತ್ತು ವರ್ಷದ ನೌಕರಿಯಲ್ಲಿ ಕೆಲವೇ ಸಲ ಸಿಕ್ಕಿದ್ದು.

ಬದುವಿನ ಮೇಲೆ ಕೂತಿದ್ದ ಬೋರಣ್ಣನವರನ್ನು, ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಯೋಳಿದ್ರೆ ನೀವು ನನ್ನ ತಿದ್ತಿದ್ರಿ ಸಾ, ಕಂಪ್ಯೂಟ್ರ್‌ನ ತಿದ್ತಿರ್ಲಿಲ್ಲ," ಎಂದರು.

ಹೌದು, ಅವರನ್ನೇ ತಿದ್ದುತ್ತಿದ್ದೆ. ಹಾಗೆ ತಿದ್ದಿದ್ದರೆ ಆ ಹದಿನೆಂಟು ಗುಂಟೆಯ ತುದಿ ಅಷ್ಟೂ ವರ್ಷ ಒಣಗುತ್ತಿತ್ತು. ಅಂದಿನಿಂದ ಯಾರದಾದರೂ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಮೊದಲು, ಪಟ್ಟಿಯಲ್ಲಿ ಇಲ್ಲದ್ದು ಏನೇನು ಮಾಡುತ್ತೀರಿ ಎಂದು ಅವರನ್ನು ಕೇಳುತ್ತೇನೆ, ಕೇಳಿ ಸುಮ್ಮನೆ ಬರೆದುಕೊಳ್ಳುತ್ತೇನೆ.