ನಿಂಬೆಹಣ್ಣಿನ ಸಪ್ಪಳ

ತಾಳ್ಮೆಯೇ ಮನುಷ್ಯನಿಗೆ ಭೂಷಣವೆಂದು ಹಿರಿಯರು ಹೇಳಿದ್ದಾರೆ. ಅವರಾರ ಬಳಿಯೂ ಹಳೇ ಕಾರು ಇರಲಿಲ್ಲ.

ಟಿ.ಬಿ. ಡ್ಯಾಮ್ ಕಾಲೊನಿಯ ನಮ್ಮ ನೆರೆಯವರು ಸಂಡೂರಿನ ಗಣಿ ಮಾಲೀಕರೊಬ್ಬರ ಶೆಡ್ಡಿನಿಂದ ಹಳೆಯ ವಿದೇಶಿ ಐಷಾರಾಮಿ ಕಾರು ಕೊಂಡು ತಂದು, ಅದಿರಿನ ಕೆಂಧೂಳು ತೊಳೆದು, ವರ್ಷಗಟ್ಟಲೆ ಬಿಚ್ಚಿ ಜೋಡಿಸಿದರು. ಉಣ್ಣುವಾಗಲೂ ಎದ್ದು ಹೋಗಿ ಬಾನೆಟ್ಟಿಗೆ ಕಿವಿ ಇಡುತ್ತಿದ್ದರು.

"ಇದ್ರಾಗ ಹಂಪಿಗೆ ಯಾವಾಗ್ರಿ?" ಎಂದು ಹೆಂಡತಿ ಕೇಳಿದರೆ, "ಒಂದ್ ಸಣ್ಣ ಸಪ್ಳ ಐತಿ, ತಡಿ" ಎನ್ನುವರು.

ಕೊನೆಗೆ ಆಯುಧಪೂಜೆಯ ದಿನ ಹೆಂಡತಿ ರೇಷ್ಮೆ ಸೀರೆಯುಟ್ಟು ಹಿಂದಿನ ಸೀಟಿನಲ್ಲಿ ಕುಳಿತರು. ಗಾಲಿಗಳಡಿ ನಿಂಬೆಹಣ್ಣು ಇಟ್ಟಿದ್ದಾಯಿತು. ಕಾರು ಗಾಂಭೀರ್ಯದಿಂದ ಹೊರಟಿತು, ಗಾಲಿಯಡಿ ಪಚಕ್ಕೆಂದಿತು. ನೆರೆಯವರು ಬ್ರೇಕ್ ಒತ್ತಿ, ಇಳಿದು, ಬಾನೆಟ್ ಎತ್ತಿದರು.

"ಅದು ನಿಂಬಿಹಣ್ಣು ಒಡದಿದ್ದು ರೀ."

"ಗೊತ್ತೈತಿ. ಅದರ ಹಿಂದ ಇನ್ನೊಂದು ಸಪ್ಳ ಬಂತು."

ಸಂಜೆಯೊಳಗೆ ಎಂಜಿನ್ ಬಿಚ್ಚಿ ಗೋಣಿಚೀಲದ ಮೇಲೆ ಹರವಿದ್ದರು. ಅವರ ಹೆಂಡತಿ ಅದೇ ಸೀರೆಯಲ್ಲಿ ಬಸ್ಸು ಹತ್ತಿ ಹಂಪಿಗೆ ಹೋಗಿ ಬಂದರು.