ಕಿರೀಟ ತೆಗೆಯಲು ಹೋದ ಮಾಸ್ತಪ್ಪ

ಮಾಸ್ತಪ್ಪನಿಗೆ ಈ ಊರು ಹೊದಿಸಿದ ಶಾಲುಗಳನ್ನೆಲ್ಲ ಸೇರಿಸಿ ಒಂದು ಹೊದಿಕೆ ಹೊಲಿದುಕೊಟ್ಟವನು ನಾನು. ತೀರ್ಥಹಳ್ಳಿಯ ಪೇಟೆಯಲ್ಲಿ ನನ್ನದು ದರ್ಜಿ ಅಂಗಡಿ. ಅವನು ಶಾಲುಗಳ ಗಂಟು ತಂದು ಮೆಷಿನ್ನಿನ ಪಕ್ಕ ಹಾಕಿ, ಒಂದೊಂದೇ ಆದರೆ ತೆಳ್ಳಗೆ, ಎಲ್ಲ ಸೇರಿದರೆ ಅವ್ವನ ಚಳಿಗಾದರೂ ಆದೀತು ಎಂದು ನಕ್ಕಿದ್ದ. ನನಗೆ ನಗು ಬರಲಿಲ್ಲ. ಒಂದಾದರೂ ನೆಟ್ಟಗಿನ ಬಟ್ಟೆ ಇರಲಿಲ್ಲ ಅದರಲ್ಲಿ. ಸನ್ಮಾನ ಮಾಡುವವರು ಶಾಲನ್ನು ಮುಟ್ಟಿ ನೋಡಿ ಕೊಳ್ಳುವುದಿಲ್ಲ, ಫೋಟೋದಲ್ಲಿ ಬಣ್ಣ ಕಂಡರೆ ಅವರಿಗೆ ಸಾಕು.

ಅವನ ಅಪ್ಪ ಊರಿನ ಕೆಳಗಿನ ಕಡವಿನಲ್ಲಿ ದೋಣಿ ಹಾಕುತ್ತಿದ್ದ. ಅಪ್ಪ ಬೇಗ ಹೋದ ಮೇಲೆ ತಾಯಿ ಶೇಷಮ್ಮ ಕೂಲಿ ಮಾಡಿ ಸಾಕಿದಳು. ಹುಡುಗ ತುಂಗೆಯಲ್ಲೇ ಬೆಳೆದ. ಎಪ್ಪತ್ತೇಳರಲ್ಲಿ ಮೈಸೂರಿನ ರಾಜ್ಯಮಟ್ಟದ ಸ್ಪರ್ಧೆಗೆ ಹೊರಟಾಗ ಈಜುವುದಕ್ಕೆ ಬೇರೆ ಚಡ್ಡಿ ಇರುತ್ತದೆ ಎಂಬುದೇ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಯಾರೋ ಹೇಳಿದ್ದು ಕೇಳಿ, ಹಳೇ ಕೊಡೆಯ ಕರಿಬಟ್ಟೆ ಬಿಚ್ಚಿ ನಾನೇ ಒಂದು ಹೊಲಿದುಕೊಟ್ಟೆ. ಅದನ್ನು ಹಾಕಿಕೊಂಡು ಮೊದಲನೆಯವನಾಗಿ ಬಂದ. ಅಲ್ಲಿನ ಕೊಳದ ನೀರು ಆಸ್ಪತ್ರೆಯ ಹಾಗೆ ನಾರುತ್ತದೆ, ಎತ್ತಲೂ ಹರಿಯುವುದಿಲ್ಲ ಎಂದು ಮುಖ ಕಿವುಚಿಕೊಂಡು ಹೇಳಿದ. ಮುಂದಿನ ಎರಡು ವರ್ಷವೂ ಅವನೇ ಗೆದ್ದ. ಜೀಪಿನಲ್ಲಿ ನಿಲ್ಲಿಸಿ ಮೆರವಣಿಗೆ ಮಾಡಿದರು, ಶಾಲು ಹೊದಿಸಿದರು.

ಆಮೇಲೆ ಅವನಿಂದ ಮಾಡಿಸಿದ ಕೆಲಸ ಏನು ಗೊತ್ತೆ? ಹೆಣ ಎತ್ತುವುದು. ಹೊಳೆಯಲ್ಲಿ ಯಾರು ಮುಳುಗಿದರೂ ಅವನ ಮನೆಯ ಅಂಗಳದಲ್ಲಿ ನಿಂತು ಮಾಸ್ತಪ್ಪಾ ಎಂದು ಕೂಗುವುದು ರೂಢಿಯಾಯಿತು. ಹೊಸನಗರದವರು ಬರುತ್ತಿದ್ದರು. ಹಿನ್ನೀರಿನಲ್ಲಿ ಲಾಂಚು ತಪ್ಪಿಸಿಕೊಂಡು ತೆಪ್ಪದಲ್ಲಿ ಹೊರಟು ಮಗುಚಿದವರಿಗಾಗಿ ಸಾಗರದ ಕಡೆಯವರೂ ಬರುತ್ತಿದ್ದರು. ಅವನು ಹೋಗುತ್ತಿದ್ದ, ಎತ್ತಿ ಕೊಡುತ್ತಿದ್ದ. ಊರಿಗೆ ಬಂದು ನನ್ನ ಅಂಗಡಿಯ ಹಿಂದೆ ವಾಂತಿ ಮಾಡಿಕೊಳ್ಳುತ್ತಿದ್ದ. ಮಕ್ಕಳದ್ದಾದರೆ ದಿನಗಟ್ಟಲೆ ಅನ್ನ ಮುಟ್ಟುತ್ತಿರಲಿಲ್ಲ. ಊರವರು ಮತ್ತೊಂದು ಶಾಲು ಹೊದಿಸುತ್ತಿದ್ದರು.

ಅವನಿಗೆ ಬೇಕಾಗಿದ್ದದ್ದು ಒಂದೇ. ಬೇಸಿಗೆಯಲ್ಲಿ, ಹೊಳೆ ಇಳಿದಾಗ, ಕಮಾನು ಸೇತುವೆಯ ಕೆಳಗೆ ನೀರು ಮೊಣಕಾಲಿಗೆ ಬರುವ ಕಡೆ ಬಿದಿರಿನ ಬೇಲಿ ಕಟ್ಟಿ, ಊರಿನ ಮಕ್ಕಳಿಗೆಲ್ಲ ಈಜು ಕಲಿಸಬೇಕು.

"ಬದುಕಿರೋರನ್ನೂ ಒಂದ್ಸಲ ಎತ್ತಿ ಹಿಡೀಬೇಕು ಮಂಜಣ್ಣ" ಎಂದಿದ್ದ.

ಹೊಳೆಯ ಮೆಟ್ಟಿಲ ಹತ್ತಿರ ಏನು ನಡೆಯಬೇಕಾದರೂ ಮುಕುಂದಯ್ಯನವರು ಹೂಂ ಅನ್ನಬೇಕಿತ್ತು. ದೊಡ್ಡ ಜಮೀನುದಾರರು, ಗಣಪತಿ ಸಮಿತಿಯ ಅಧ್ಯಕ್ಷರು. ಮುಂದಿನ ವರ್ಷ ನೋಡೋಣ ಎಂದು ಅವರು ಪ್ರತಿ ವರ್ಷವೂ ಹೇಳಿದರು. ಅವರ ಮನೆಯ ಮಕ್ಕಳು ದೋಣಿಯವನ ಮಗನ ಕೈ ಹಿಡಿದು, ಕೇರಿಯ ಮಕ್ಕಳ ಜೊತೆ ಒಂದೇ ನೀರಿನಲ್ಲಿ ಕಾಲು ಬಡಿಯುವುದು ಅವರಿಗೆ ಬೇಕಿರಲಿಲ್ಲ. ಸತ್ತ ಮೇಲೆ ಅದೇ ಕೈ ಮುಟ್ಟಿದರೆ ಮಾತ್ರ ಯಾರಿಗೂ ಅಡ್ಡಿಯಿರಲಿಲ್ಲ. ಇದನ್ನು ನೆನೆದರೆ ಈಗಲೂ ನನಗೆ ಹೇಸಿಗೆಯಾಗುತ್ತದೆ.

ಎಂಬತ್ತಮೂರರ ಗಣಪತಿ ಹಬ್ಬ. ಆ ವರ್ಷ ಮುಕುಂದಯ್ಯನವರು ಗಣಪತಿಗೆ ಬೆಳ್ಳಿ ಕಿರೀಟ ಮಾಡಿಸಿದ್ದರು. ನೀರಿಗೆ ಬಿಡುವ ಮೊದಲು ಒಡವೆಗಳನ್ನು ಬಿಚ್ಚಿಕೊಳ್ಳುವುದು ಪದ್ಧತಿ. ಆದರೆ ಕಿರೀಟ ಬಿಚ್ಚುವ ಮರ್ಯಾದೆ ಯಾರದ್ದು? ಕೊಟ್ಟವನು ತಾನು ಎಂದು ಮುಕುಂದಯ್ಯ; ಸಮಿತಿಯ ಕಾರ್ಯದರ್ಶಿ ತಾನು, ಪೂಜೆ ಮಾಡಿಸಿದವನು ತಾನು ಎಂದು ಉಮಾಪತಿ. ಇನ್ನೊಬ್ಬ ತನ್ನನ್ನು ಕರೆಯಲಿ ಎಂದು ಇಬ್ಬರೂ ದಡದಲ್ಲಿ ಬಿಗಿದುಕೊಂಡು ನಿಂತರು. ತೆಪ್ಪದಲ್ಲಿದ್ದವರು ಜೈಕಾರ ಹಾಕಿ ಗಣಪತಿಯನ್ನು ಕಿರೀಟ ಸಮೇತ ಮಡುವಿಗೆ ಬಿಟ್ಟರು.

ಬೆಳಗಾಗುತ್ತಲೇ ಮಾಸ್ತಪ್ಪನನ್ನು ಕರೆಸಿದರು. ಗದ್ದಲ ಕೇಳಿ ನಾನೂ ಹೋದೆ. ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಅವನು ಒಮ್ಮೆ ಮುಳುಗಿ ಮೇಲೆ ಬಂದ. ಗಣಪತಿ ಕೂರಿಸಿದ ಮರದ ಮಣೆ ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡಿದೆ, ಅದರ ಹಗ್ಗಗಳು ನೀರಿನಲ್ಲಿ ಬಿಚ್ಚಿ ಆಡುತ್ತಿವೆ, ಕೈಗೆ ತಾಗಿದ್ದಷ್ಟೇ ಗೊತ್ತು, ಕಣ್ಣು ಕಾಣುವುದಿಲ್ಲ ಎಂದು ಹೇಳಿದ.

"ನೀರು ಇಳೀಲಿ ಅಯ್ಯಾ. ದೀಪಾವಳಿ ಕಳದ್ಮೇಲೆ ನಾನೇ ತೆಗ್ದು ಕೊಡ್ತೀನಿ."

"ಅಲ್ಲಿವರ್ಗೆ ಅದು ಇರ್ತದಾ ಮಾರಾಯ? ಇದೊಂದು ತೆಗ್ದು ಕೊಡು. ಬರೋ ಬೇಸಿಗೇಲಿ ನಿನ್ ಬೇಲಿ ನಾನೇ ನಿಂತು ಕಟ್ಟಿಸ್ತೀನಿ" ಎಂದರು ಮುಕುಂದಯ್ಯ.

ಮಾಸ್ತಪ್ಪ ಅವರ ಮುಖವನ್ನೇ ನೋಡಿದ. ಇಷ್ಟು ಜನರೆದುರು ಅವರು ಈ ಮಾತು ಆಡಿದ್ದು ಅದೇ ಮೊದಲು. ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿ ಎಂದೆ ನಾನು. ಹಗ್ಗ ಮೆರವಣಿಗೆಯ ಲಾರಿಯಲ್ಲಿ ವಾಪಸು ಹೋಗಿತ್ತು, ತರಲು ಯಾರೂ ಕದಲಲಿಲ್ಲ. ಅವನು ಟವೆಲನ್ನು ಸೊಂಟಕ್ಕೆ ಬಿಗಿದುಕೊಂಡು ಮತ್ತೆ ಮುಳುಗಿದ. ಮೇಲೆ ಬರಲಿಲ್ಲ.

ಹೊತ್ತು ಏರಿದ ಮೇಲೆ ಯಾರೋ, ಮುಳುಗು ಹಾಕುವವರನ್ನು ಕರೆಸಿ ಎಂದರು. ಈ ಮೂರು ತಾಲ್ಲೂಕಿನಲ್ಲಿ ಆ ಕೆಲಸಕ್ಕೆ ಇದ್ದವನು ಅವನೊಬ್ಬನೇ. ಶೇಷಮ್ಮ ಕಲ್ಲಿನ ಮೇಲೆ ಕೂತು ಹೊಳೆ ನೋಡುತ್ತಿದ್ದಳು.

ಕೆಲವು ದಿನ ಕಳೆದು ಹೊಳೆಯೇ ಅವನನ್ನು ಮಂಡಗದ್ದೆಯ ಕಡೆ ದಡಕ್ಕೆ ಹಾಕಿತು. ಕಾಲಿಗೆ ಮಣೆಯ ಹಗ್ಗ ಸುತ್ತಿತ್ತು. ಸೊಂಟದ ಟವೆಲಿನಲ್ಲಿ ಕಿರೀಟ ಕಟ್ಟಿಕೊಂಡಿದ್ದ. ನಾನು ಕಣ್ಣಾರೆ ನೋಡಿದೆ: ಸಮಿತಿಯವರು ಮೊದಲು ಕಿರೀಟ ಬಿಚ್ಚಿಕೊಂಡರು, ಆಮೇಲೆ ಅವನಿಗೆ ಬಟ್ಟೆ ಮುಚ್ಚಿದರು. ಇಪ್ಪತ್ತೆಂಟೂ ತುಂಬಿರಲಿಲ್ಲ ಅವನಿಗೆ. ಹೆಣದ ಮೈಲಿಗೆ ತಾಗಿತೆಂದು ಆಮೇಲೆ ಕಿರೀಟಕ್ಕೆ ಶುದ್ಧಿ ಮಾಡಿಸಿದರು. ಅಲ್ಲಿದ್ದವರಿಗೆ ಯಾರು ಶುದ್ಧಿ ಮಾಡಬೇಕಿತ್ತೋ ನಾ ಕಾಣೆ.

ಸಂತಾಪ ಸಭೆಯಲ್ಲಿ ಮುಕುಂದಯ್ಯ ಶೇಷಮ್ಮನಿಗೆ ಒಂದು ಶಾಲು ಹಿಡಿದರು. ಅವಳು ಕೈ ಒಡ್ಡಲಿಲ್ಲ.

"ಮನೇಲಿ ಬೇಕಾದಷ್ಟು ಇದಾವೆ ಅಯ್ಯಾ. ಬೇಲಿ ಯಾವಾಗ ಕಟ್ಟಿಸ್ತೀರಿ?" ಎಂದು ಕೇಳಿದಳು.

ಅವರು ಮೈಕಿನ ಕಡೆ ತಿರುಗಿ ಮಾಸ್ತಪ್ಪನ ತ್ಯಾಗದ ಬಗ್ಗೆ ಮಾತಾಡಿದರು. ಬೇಸಿಗೆ ಬಂತು, ಬೇಲಿ ಬರಲಿಲ್ಲ. ಕಲಿಸುವವನೇ ಹೋದ ಮೇಲೆ ಬೇಲಿ ಯಾಕೆ ಎಂದರಂತೆ. ಆ ಮೇ ತಿಂಗಳಲ್ಲೇ ಬಳೆ ಮಾರುವವನ ಮಗಳು ಸೇತುವೆಯ ಕೆಳಗೆ ಆಡುತ್ತಾ ಆಳಕ್ಕೆ ಜಾರಿ ಮುಳುಗಿದಳು. ಓಡಿ ಬಂದ ಜನ ಶೇಷಮ್ಮನ ಅಂಗಳದಲ್ಲಿ ನಿಂತು, ರೂಢಿಯಂತೆ, ಮಾಸ್ತಪ್ಪಾ ಎಂದು ಕೂಗಿದರು. ಅವಳು ಬಾಗಿಲು ತೆರೆದು ಹೊರಗೆ ಬಂದ ಮೇಲೆಯೇ ಅವರಿಗೆ ನೆನಪಾದದ್ದು.

ಆ ವರ್ಷವೂ ಗಣಪತಿಗೆ ಅದೇ ಕಿರೀಟ. ಈ ಸಲ ಅವರು ಮರೆಯಲಿಲ್ಲ. ಮುಕುಂದಯ್ಯ ಒಂದು ಕಡೆಯಿಂದ, ಉಮಾಪತಿ ಇನ್ನೊಂದು ಕಡೆಯಿಂದ ಹಿಡಿದು ಒಟ್ಟಿಗೇ ಬಿಚ್ಚಿದರು. ಜನ ಚಪ್ಪಾಳೆ ಹೊಡೆದರು. ರಾಜಿಯಾದರಲ್ಲ ಎಂಬ ಖುಷಿಗೆ ಸಮಿತಿಯವರು ಇಬ್ಬರಿಗೂ ಒಂದೊಂದು ಶಾಲು ಹೊದಿಸಿದರು.