ದಾರಿಯಲ್ಲಿ ಕರೆದ ಕರೆ

ಪುಟ್ಟಬಸಮ್ಮನ ಮೊಮ್ಮಗಳು ಸುಷ್ಮಾ ಅಂದರೆ ಕುಂಬಾರಕೊಪ್ಪಲಿನ ಆ ಬೀದಿಯವರಿಗೆಲ್ಲ ಒಂದು ಲೂನಾ ಗಾಡಿಯ ಸದ್ದು. ಅಪ್ಪ ಅಮ್ಮ ನರಸೀಪುರದಲ್ಲಿ. ಇವಳು ಅಜ್ಜಿಯ ಮನೆಯಲ್ಲಿದ್ದುಕೊಂಡು ಡಿಗ್ರಿ ಓದುತ್ತಿದ್ದಳು. ಯಾರಿಗೆ ರಕ್ತ ಬೇಕು, ಯಾರ ಮನೆಯಲ್ಲಿ ಆರತಿ, ಕಾಲೇಜಿನವರದು ಯಾವ ಶಿಬಿರ, ಎಲ್ಲದಕ್ಕೂ ಸುಷ್ಮಾನೇ ಬೇಕು. ಆಗುವುದಿಲ್ಲ ಅನ್ನುವ ಮಾತು ಅವಳ ಬಾಯಲ್ಲಿ ಹುಟ್ಟಿರಲಿಲ್ಲ. ಇದು ಎರಡು ಸಾವಿರದ ಇಸವಿಯ ಆಸುಪಾಸಿನದು.

ಆ ಭಾನುವಾರ ತಾತನ ದಿನ, ತಾತ ತೀರಿಕೊಂಡ ತಿಥಿ. ವರ್ಷವರ್ಷವೂ ಆವತ್ತು ಗುರುಸಿದ್ದಯ್ಯನವರೆಂಬ ಜಂಗಮ ಅಯ್ಯನವರನ್ನು ಕರೆಸಿ, ಪಾದ ತೊಳೆದು, ಬಾಳೆಲೆ ಹಾಕಿ ಬಡಿಸಿ, ಅವರು ಉಂಡೆದ್ದ ಮೇಲೇ ಪುಟ್ಟಬಸಮ್ಮ ತುತ್ತು ಮುಟ್ಟುತ್ತಿದ್ದುದು. ಕರೆಯುವುದಕ್ಕೂ ಒಂದು ಕ್ರಮ. ಅವರ ಮನೆ ಬಾಗಿಲಿಗೆ ಹೋಗಿ, ಎಲೆ ಅಡಿಕೆ ಇಟ್ಟು, ಅಡ್ಡಬಿದ್ದು ಹೇಳಬೇಕು. ಆ ಸಲ ಅಜ್ಜಿಗೆ ಮಂಡಿ ಊದಿ ಹೊಸಿಲು ದಾಟುವುದೇ ಕಷ್ಟವಾಗಿತ್ತು.

"ನೀನೇ ಹೋಗ್ಬರಬೇಕು ಕಣವ್ವ. ಮರೀಬೇಡ."

"ಶನಿವಾರ ಆ ಕಡೆಯಿಂದ್ಲೇ ಬರೋದಲ್ವಾ ಅಜ್ಜಿ, ಹೇಳ್ಬುಟ್ಟು ಬರ್ತೀನಿ."

ಶನಿವಾರ ಬೆಳಿಗ್ಗೆ ವಿಜಯನಗರದ ಛತ್ರದಲ್ಲಿ ಗೆಳತಿ ಚೂಡಾಮಣಿಯ ನಿಶ್ಚಿತಾರ್ಥ. ಹೂ ಮುಡಿಸಿ, ಪಾನಕ ಹಂಚಿ, ಫೋಟೋಗೆ ನಿಂತು ಮುಗಿಯುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಮಾರನೆಯ ದಿನ ದಟ್ಟಗಳ್ಳಿಯಲ್ಲಿ ಕಣ್ಣಿನ ಶಿಬಿರ. ಬಂದವರಿಗೆ ಊಟದ ಉಸ್ತುವಾರಿ ಇವಳದೇ. ತರಕಾರಿ ಕೊಂಡು ಕೊಟ್ಟು ವಾಪಸು ಬರುವಾಗ ಸರ್ಕಲ್ಲಿನಲ್ಲಿ ಅಯ್ಯನವರೇ ಕಂಡರು, ಕೈಚೀಲ ಹಿಡಿದು ಸೊಪ್ಪಿನ ಗಾಡಿಯ ಹತ್ತಿರ. ದೇವರೇ ಕಳಿಸಿದ ಹಾಗಾಯಿತು ಅವಳಿಗೆ. ಲೂನಾ ಆರಿಸಲೂ ಇಲ್ಲ.

"ಅಯ್ಯನೋರೇ, ನಾಳೆ ತಾತನ ದಿನ. ಊಟಕ್ಕೆ ಬಂದ್ಬುಡಿ, ಅಜ್ಜಿ ಹೇಳವ್ರೆ."

ಅವರು ಕೈಯೆತ್ತಿದರು. ಇವಳು ಹೊರಟಳು. ಅಜ್ಜಿ ಕಟ್ಟಿಕೊಟ್ಟಿದ್ದ ಎಲೆ ಅಡಿಕೆ ಬ್ಯಾಗಿನಲ್ಲೇ ಉಳಿಯಿತು.

"ಹೋಗಿದ್ಯಾ ಕೂಸೆ?" ಅಂದಳು ಅಜ್ಜಿ.

"ಎಲ್ಲ ಆಯ್ತಜ್ಜಿ," ಅಂದಳು ಸುಷ್ಮಾ, ಬಚ್ಚಲಲ್ಲಿ ಮುಖ ತೊಳೆಯುತ್ತ.

ಭಾನುವಾರ ದಟ್ಟಗಳ್ಳಿಯಲ್ಲಿ ಬಂದವರೆಲ್ಲ ಅಜ್ಜಿ ತಾತಂದಿರೇ. ಕಣ್ಣಿಗೆ ಔಷಧಿ ಬಿಟ್ಟಿದ್ದ ಒಬ್ಬಾಕೆ ಕಾಣದೆ ತಡವರಿಸುತ್ತಿದ್ದಾಗ ಸುಷ್ಮಾ ಪಕ್ಕದಲ್ಲಿ ಕೂತು ಬಿಸಿಬೇಳೆ ಬಾತು ಕಲೆಸಿ ಕೈಗಿತ್ತಳು. "ನಿಮ್ಮವ್ವ ಪುಣ್ಯವಂತೆ," ಅಂದಿತು ಆ ಜೀವ. ಎಲ್ಲರಿಗೂ ಬಡಿಸಿ, ತಾನೂ ಗೆಳತಿಯರ ಜೊತೆ ನಗುನಗುತ್ತ ಉಂಡು, ಬಿಸಿಲು ಇಳಿದ ಮೇಲೆ ಮನೆಗೆ ಬಂದಳು.

ನಡುಮನೆಯಲ್ಲಿ ಮಣೆ ಹಾಕಿದಂತೆಯೇ ಇತ್ತು. ಪಾದ ತೊಳೆಯುವ ಚೊಂಬಿನ ನೀರು ಹಾಗೇ ಇತ್ತು. ಬಾಳೆಲೆಯ ಅಂಚು ಸುರುಳಿ ಸುತ್ತಿತ್ತು. ಅಜ್ಜಿ ಗೋಡೆಗೊರಗಿ ಕೂತಿದ್ದಳು. ಪಕ್ಕದ ಮನೆ ಚಲುವಮ್ಮ ಬಾಗಿಲಲ್ಲೇ ಹಿಡಿದಳು.

"ನಾನು ಹೋಗಿ ಕೇಳ್ಕೊಂಡು ಬಂದೆ ಕಣಮ್ಮ. ದಾರೀಲಿ ಆಡಿದ ಮಾತು, ಕರೆಯೋರು ಸಂಜೆ ಮನೆಗೆ ಬರ್ತಾರೆ ಅಂತ ಕಾದ್ರಂತೆ. ನೀನು ಹೋಗ್ಲಿಲ್ಲ. ಬೇರೆಯೋರು ಬಂದು ಕರೆದ್ರು, ಅಲ್ಲಿ ಉಂಡ್ರು. ದಿನಕ್ಕೆ ಒಂದೇ ಮನೆ ಊಟ ಅವ್ರದು. ಲೂನಾ ಮೇಲೆ ಕೂತು ಕರೆದ್ರೆ ಆಟೋದವ್ನು ಬಂದಾನು, ಅಯ್ಯನೋರು ಬರ್ತಾರಾ?"

"ಸಾಕು ಬುಡು ಚಲುವಿ," ಅಂದಳು ಅಜ್ಜಿ. ಆಮೇಲೆ ಮೊಮ್ಮಗಳ ಕಡೆ ತಿರುಗಿ, "ನೀನು ಉಂಡ್ಯಾ ಕೂಸೆ?"

"ಹೂಂ ಅಜ್ಜಿ."

"ಸದ್ಯ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಬ್ಯಾಗಿನಿಂದ ಬಾಡಿದ ಎಲೆ ತೆಗೆದುಕೊಂಡು ಅಯ್ಯನವರ ಮನೆಗೆ ಓಡಿದಳು. ಸರ್ಕಲ್ಲಿನಿಂದ ಒಂದು ತಿರುವು, ಅಷ್ಟೇ. ಅವರು ನೊಂದುಕೊಂಡರು. "ಏನು ಮಾಡ್ಲವ್ವ, ಉಂಡಾಗೋಯ್ತಲ್ಲ. ಮುಂದಿನ ವರ್ಷ ತಪ್ಪದೆ ಬರ್ತೀನಿ ಅಂತ ಹೇಳು."

ಅಜ್ಜಿ ಆ ದಿನ ವಿಭೂತಿ ಇಟ್ಟು ಒಂದು ಲೋಟ ನೀರು ಕುಡಿದಳು. ಒಬ್ಬಟ್ಟು ಚಲುವಮ್ಮನ ಮಕ್ಕಳ ಪಾಲಾಯಿತು. ಮಾರನೆಯ ದಿನದಿಂದ ಅಜ್ಜಿ ಅದರ ಮಾತೇ ಎತ್ತಲಿಲ್ಲ. ಸುಷ್ಮಾ ಎಷ್ಟೋ ಸಲ ತಾನೇ ಎತ್ತಬೇಕೆಂದು ಅಡುಗೆಮನೆ ಬಾಗಿಲವರೆಗೂ ಹೋಗುವಳು. ಯಾರೋ ಹೊರಗಿನಿಂದ ಕೂಗುವರು, ಹೊರಟುಬಿಡುವಳು.

ಮುಂದಿನ ವರ್ಷ ತಾತನ ದಿನಕ್ಕೆ ಸುಷ್ಮಾ ಲೂನಾ ಮನೆಯಲ್ಲೇ ಬಿಟ್ಟು ನಡೆದು ಹೋಗಿ, ಎಲೆ ಅಡಿಕೆ ಇಟ್ಟು, ಅಡ್ಡಬಿದ್ದು ಕರೆದಳು. ಅಯ್ಯನವರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಗೋಡೆಯ ಮೇಲೆ ತಾತನ ಪಟದ ಪಕ್ಕ ಈಗ ಹಾರ ಹಾಕಿದ ಅಜ್ಜಿಯ ಪಟವೂ ಇತ್ತು. ಉಂಡು ಕೈತೊಳೆದು, "ಇನ್ನು ನೀನು ಕೂತ್ಕೊ ಕಣವ್ವ," ಅಂದರು.

ಸುಷ್ಮಾ ಎಲೆ ಮುಂದೆ ಕೂತಳು. ಮೊದಲ ತುತ್ತನ್ನು ಅಜ್ಜಿಗೆಂದು ಎಲೆಯ ಅಂಚಿನಲ್ಲಿ ಎತ್ತಿಟ್ಟಳು.